ಅಪರಾಧಿ ಸುಗಂಧರಾಜ

ಮೂಗಿಗೆ ಮೊದಲು ಬಡಿಯುವುದು ಪೆಟ್ರೋಲು, ರಬ್ಬರು, ನೋವಿನ ಮುಲಾಮು. ಹೂವು ಬರುವುದು ಆಮೇಲೆ. 1999ರಲ್ಲಿ ಪ್ಯಾರಿಸ್‌ನ ಮಬ್ಬುಗತ್ತಲ ಅಂಗಡಿಯೊಂದರಲ್ಲಿ ಹುಟ್ಟಿದ ಈ ಸುಗಂಧ, ಬಿಳಿ ಹೂವಿನ ಕಪ್ಪು ಗುಟ್ಟನ್ನು ಬಯಲಿಗೆ ತಂದಿತು. ನಮ್ಮ ಮದುವೆ ಹಾರದೊಳಗೂ ಅದೇ ಗುಟ್ಟು ಅಡಗಿದೆ.

ಪ್ಯಾರಿಸ್‌ನ ಪಾಲೆ ರೊಯಾಲ್. ನಡುವೆ ತೋಟ, ಸುತ್ತ ಕಲ್ಲುಕಂಬಗಳ ಮೊಗಸಾಲೆ, ಅದರುದ್ದಕ್ಕೂ ಅಂಗಡಿಗಳು. ವಲ್ವಾ ಮೊಗಸಾಲೆಯ 142ನೇ ನಂಬರಿನ ಬಾಗಿಲು ದೂಡಿದರೆ ಒಳಗೆ ನೇರಳೆ ಬಣ್ಣದ ಮಬ್ಬು. ಸುರುಳಿ ಮೆಟ್ಟಿಲು. ಮೇಜಿನ ಮೇಲೆ ಗಂಟೆಯಾಕಾರದ ಗಾಜಿನ ಸೀಸೆಗಳು. ಸೀಸೆಯ ದ್ರವದಲ್ಲಿ ಅದ್ದಿದ ತೆಳ್ಳನೆಯ ಕಾಗದದ ಪಟ್ಟಿಯೊಂದು ಗಿರಾಕಿಯ ಕೈಗೆ ಬರುತ್ತದೆ.

ಹೂವಿನ ಪರಿಮಳವೆಂದು ಅದನ್ನು ಮೂಗಿಗೆ ಹಿಡಿದವರು ಬೆಚ್ಚಿ ಕತ್ತು ಹಿಂದಕ್ಕೆಳೆದುಕೊಳ್ಳುತ್ತಾರೆ. ಪೆಟ್ರೋಲ್ ಬಂಕಿನ ವಾಸನೆ. ಅದರ ಬೆನ್ನಿಗೇ ಹೊಸ ರಬ್ಬರು. ಆಮೇಲೆ ಕರ್ಪೂರ, ಪುದೀನ ಸತ್ವದ ತಣ್ಣನೆಯ ಏಟು, ಮಂಡಿನೋವಿಗೆ ಹಚ್ಚುವ ಮುಲಾಮಿನ ಘಾಟು. ಹೂವೆಲ್ಲಿ?

ಪಟ್ಟಿಯನ್ನು ಬಿಸಾಡದೆ ತುಸು ಹೊತ್ತು ಕಾದವರಿಗೆ ಉತ್ತರ ಸಿಗುತ್ತದೆ. ಘಾಟು ಮೆಲ್ಲಗೆ ಇಳಿಯುತ್ತದೆ. ಅದರಡಿಯಿಂದ, ಆಗಷ್ಟೇ ಕಡೆದ ಬೆಣ್ಣೆಯಷ್ಟು ನುಣುಪಾದ ಬಿಳಿ ಹೂವಿನ ಕಂಪು ಏಳುತ್ತದೆ. ಮಲ್ಲಿಗೆ, ಕಿತ್ತಳೆ ಹೂವು ಜೊತೆಗೂಡುತ್ತವೆ. ಲವಂಗ, ಜಾಯಿಕಾಯಿ ಸಣ್ಣಗೆ ಸುಳಿದು ಹೋಗುತ್ತವೆ. ಕೊನೆಗೆ ವೆನಿಲ್ಲಾ, ಕಸ್ತೂರಿಯ ಬಿಸುಪು ಚರ್ಮದ ಮೇಲೆ ಗಂಟೆಗಟ್ಟಲೆ ಉಳಿಯುತ್ತದೆ.

ಇದರ ಹೆಸರು ‘ಟ್ಯೂಬೆರೂಜ್ ಕ್ರಿಮಿನೆಲ್’, ಅಂದರೆ ಅಪರಾಧಿ ಸುಗಂಧರಾಜ. ಕಲ್ಪನೆ ಸರ್ಜ್ ಲುಟೆನ್ಸ್ ಅವರದು, ಹದ ಹಾಕಿದವರು ಕ್ರಿಸ್ಟೋಫರ್ ಶೆಲ್‌ಡ್ರೇಕ್. ಹುಟ್ಟಿ ಕಾಲು ಶತಮಾನ ಕಳೆದರೂ ಇದರ ಸುತ್ತಲಿನ ವಾಗ್ವಾದ ಮುಗಿದಿಲ್ಲ. ಕೆಲವರಿಗೆ ಇದು ಆಧುನಿಕ ಸುಗಂಧಕಲೆಯ ದೊಡ್ಡ ಸಾಧನೆ. ಕೆಲವರಿಗೆ ಮೈಗೆ ಹಚ್ಚಿಕೊಳ್ಳಲೇ ಆಗದ ವಾಸನೆ.

ಶ್ರಾವಣ ಕಾಲಿಟ್ಟರೆ ನಮ್ಮ ಸಂತೆ, ಮಾರುಕಟ್ಟೆ, ದೇವರ ಮನೆಗಳನ್ನು ತುಂಬುವ ಹೂವುಗಳಲ್ಲಿ ಸುಗಂಧರಾಜವೂ ಒಂದು. ವರಮಹಾಲಕ್ಷ್ಮಿಯ ಕೊರಳಿಗೆ ಬೀಳುವ ಹೂವಿಗೆ ಪ್ಯಾರಿಸ್‌ನಲ್ಲಿ ಅಪರಾಧಿ ಪಟ್ಟ ಏಕೆ ಬಂತು? ಉತ್ತರ ಹುಡುಕುತ್ತಾ ಹೋದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆ ಕತ್ತಲನ್ನು ಯಾರೂ ಹೊರಗಿನಿಂದ ತಂದು ಸೀಸೆಗೆ ಸುರಿಯಲಿಲ್ಲ. ಅದು ಹೂವಿನದೇ ಸ್ವತ್ತು.

ತಿಳಿನೀರಿನ ದಶಕ

ಈ ಸುಗಂಧದ ಧೈರ್ಯ ಅರ್ಥವಾಗಬೇಕಾದರೆ ಅದು ಹುಟ್ಟಿದ ಕಾಲವನ್ನು ನೋಡಬೇಕು.

1980ರ ದಶಕ ಗಟ್ಟಿ ದನಿಯ ಸುಗಂಧಗಳ ಕಾಲ. 1981ರ ‘ಜಾರ್ಜಿಯೊ ಬೆವರ್ಲಿ ಹಿಲ್ಸ್’, 1985ರಲ್ಲಿ ಡಿಯೋರ್ ಸಂಸ್ಥೆ ತಂದ ‘ಪಾಯ್ಸನ್’ ಎರಡರಲ್ಲೂ ಸುಗಂಧರಾಜದ್ದೇ ದರ್ಬಾರು. ಹಚ್ಚಿಕೊಂಡವರು ಕೋಣೆಯೊಳಗೆ ಬರುವ ಮೊದಲೇ ಪರಿಮಳ ಬಂದಿರುತ್ತಿತ್ತು. ಜನ ಬೇಸತ್ತರು.

1990ರ ದಶಕ ಅದಕ್ಕೆ ಬೆನ್ನು ತಿರುಗಿಸಿತು. 1992ರ ‘ಲೋ ಡಿಸ್ಸೆ’, 1994ರ ‘ಸಿಕೆ ಒನ್’ ಹೊಸ ರುಚಿಯನ್ನು ಕಲಿಸಿದವು: ತಿಳಿನೀರು, ನಿಂಬೆ, ಒಗೆದು ಒಣಗಿಸಿದ ಬಟ್ಟೆಯ ಶುಭ್ರತೆ. ಯಾರಿಗೂ ಕಿರಿಕಿರಿಯಾಗದ, ಯಾರ ಗಮನವನ್ನೂ ಸೆಳೆಯದ ವಾಸನೆಗಳು. 1999ರಲ್ಲೇ ಮಾರುಕಟ್ಟೆಗೆ ಬಂದ ಡಿಯೋರ್‌ನ ‘ಜಾದೋರ್’ ಹೂವುಗಳಿಗೆ ಹಣ್ಣಿನ ಹೊಳಪು ಕೊಟ್ಟು ಲೋಕವನ್ನೇ ಗೆದ್ದಿತು.

ಅದೇ ವರ್ಷ ಪಾಲೆ ರೊಯಾಲ್‌ನ ಅಂಗಡಿಯಲ್ಲಿ ಲುಟೆನ್ಸ್ ಪೆಟ್ರೋಲಿನ ವಾಸನೆಯ ಹೂವನ್ನು ಮಾರಾಟಕ್ಕಿಟ್ಟರು.

ಕಣ್ಣಿನಿಂದ ಮೂಗಿನವರೆಗೆ

ಸರ್ಜ್ ಲುಟೆನ್ಸ್ 1942ರಲ್ಲಿ ಉತ್ತರ ಫ್ರಾನ್ಸ್‌ನ ಲಿಲ್ ನಗರದಲ್ಲಿ ಹುಟ್ಟಿದವರು. 14ನೇ ವಯಸ್ಸಿಗೆ ಕೇಶಾಲಂಕಾರದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ಹುಡುಗ, ಮುಂದೆ ‘ವೋಗ್’ ಪತ್ರಿಕೆಗೆ ಕೆಲಸ ಮಾಡಿದ. ಫೋಟೊ ತೆಗೆದ. 1960ರ ದಶಕದ ಕೊನೆಗೆ ಡಿಯೋರ್ ಸಂಸ್ಥೆಯ ಪ್ರಸಾಧನಗಳಿಗೆ ಬಣ್ಣ ಕಟ್ಟಿದ. ಬಿಳಿಚಿದ ಮುಖ, ಕಡುಗೆಂಪು ತುಟಿ, ಕಪ್ಪು ಹಿನ್ನೆಲೆ: ಇವು ಆತನ ಚಿತ್ರಗಳ ಗುರುತಾದವು.

1980ರಲ್ಲಿ ಜಪಾನಿನ ಶಿಸೆಯ್ಡೊ ಕಂಪನಿ ಲುಟೆನ್ಸ್ ಅವರನ್ನು ಕರೆಸಿಕೊಂಡಿತು. ಎರಡು ವರ್ಷದಲ್ಲಿ ಅವರ ಮೊದಲ ಸುಗಂಧ ‘ನೋಂಬ್ರ್ ನುವಾರ್’ ಬಂತು. ಅದಕ್ಕೂ ಮೊದಲೇ, 1968ರಲ್ಲಿ ನೋಡಿದ ಮೊರಾಕ್ಕೊದ ಮರಾಕೇಶ್ ನಗರ ಅವರನ್ನು ಹಿಡಿದಿಟ್ಟಿತ್ತು. ಬಡಗಿಗಳ ಅಂಗಳದ ದೇವದಾರು ಹೊಟ್ಟು, ಸಂಬಾರದ ರಾಶಿ, ಅಂಟುಗಳು, ಜೇನು: ಅಲ್ಲಿನ ಸಂತೆಗಳ ವಾಸನೆಯೇ ಅವರ ಪಾಲಿನ ಪಾಠಶಾಲೆಯಾಯಿತು. 1992ರ ‘ಫೆಮಿನಿಟೆ ದ್ಯು ಬ್ವಾ’ದಲ್ಲಿ ಮರಾಕೇಶಿನ ಆ ದೇವದಾರು ಹೆಂಗಸರ ಸುಗಂಧವಾಗಿ ಬಂದಾಗ ಉದ್ಯಮಕ್ಕೆ ಅಚ್ಚರಿ. ಪಾಲೆ ರೊಯಾಲ್‌ನ ಅಂಗಡಿ ತೆರೆದದ್ದೂ ಅದೇ ವರ್ಷ.

ದೊಡ್ಡ ಕಂಪನಿಯ ಸುಗಂಧವೊಂದು ಅಂಗಡಿಗೆ ಬರುವ ಮೊದಲು ನೂರಾರು ಮೂಗುಗಳ ಪರೀಕ್ಷೆ ದಾಟಬೇಕು. ಹಲವರಿಗೆ ಹಿಡಿಸದ ಅಂಚನ್ನು ಕತ್ತರಿಸುತ್ತಾರೆ, ಉಳಿದದ್ದನ್ನು ನಯಗೊಳಿಸುತ್ತಾರೆ. ಒಂದೇ ಊರಿನ ಒಂದೇ ಅಂಗಡಿಯಲ್ಲಿ ಮಾರಲು ಹೊರಟವರಿಗೆ ಆ ಕಟ್ಟುಪಾಡಿಲ್ಲ. ಲುಟೆನ್ಸ್–ಶೆಲ್‌ಡ್ರೇಕ್ ಜೋಡಿ ಈ ಸ್ವಾತಂತ್ರ್ಯವನ್ನು ಪೂರ್ತಿಯಾಗಿ ಬಳಸಿಕೊಂಡಿತು.

> ನಿಶ್ ಸುಗಂಧ ಅಂದರೆ…
> ಸಣ್ಣ ಮನೆತನ, ಕಡಿಮೆ ತಯಾರಿಕೆ, ಆಯ್ದ ಅಂಗಡಿ. ಸಿನಿಮಾ ತಾರೆಯರ ಜಾಹೀರಾತಿಲ್ಲ. ದುಡ್ಡೂ ಶ್ರಮವೂ ಪರಿಮಳಕ್ಕೇ ಮೀಸಲು ಎಂಬುದು ಇದರ ಮೂಲ ಆದರ್ಶ. 1961ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ‘ಡಿಪ್ಟೀಕ್’, 1976ರಲ್ಲಿ ಜಾನ್ ಲಾಪೋರ್ಟ್ ಕಟ್ಟಿದ ‘ಲಾರ್ಟಿಸಾನ್ ಪರ್ಫ್ಯೂಮರ್’ ಈ ದಾರಿಯ ಮೊದಲಿಗರು. 2000ದಲ್ಲಿ ಬಂದ ಫ್ರೆಡೆರಿಕ್ ಮಾಲ್ ಸುಗಂಧ ರಚಿಸಿದವರ ಹೆಸರನ್ನು ಸೀಸೆಯ ಮೇಲೆಯೇ ಅಚ್ಚು ಹಾಕಿಸಿದರು.

ಹೂವಿನೊಳಗಿನ ಔಷಧಿ ಅಂಗಡಿ

ರಾತ್ರಿ ಊಟ ಮುಗಿದ ಮೇಲೆ ಒಂದು ಕಡ್ಡಿ ಸುಗಂಧರಾಜವನ್ನು ಕೈಗೆತ್ತಿಕೊಂಡು ನೋಡಿ. ಕೆಳಗಿನ ಹೂಗಳು ಅರಳಿರುತ್ತವೆ, ತುದಿಯವು ಇನ್ನೂ ಹಸಿರು ಮೊಗ್ಗು. ಸ್ವಲ್ಪ ಬಾಗಿದ ಕೊಳವೆ, ತುದಿಯಲ್ಲಿ ಆರು ಎಸಳು. ಮುಟ್ಟಿದರೆ ಮೇಣ ಸವರಿದ ಹಾಗೆ ದಪ್ಪ. ಬೆರಳಲ್ಲಿ ಎಸಳನ್ನು ಹಿಸುಕಿ, ಮೂಗನ್ನು ಹತ್ತಿರ ತನ್ನಿ.

ದೂರಕ್ಕೆ ಸಿಹಿಯಾಗಿದ್ದ ಪರಿಮಳ ಹತ್ತಿರದಲ್ಲಿ ಬೇರೆಯೇ ಮುಖ ತೋರುತ್ತದೆ. ತಣ್ಣಗೆ ಮೂಗಿನ ಬುಡಕ್ಕೇರುವ ಔಷಧದ ಘಾಟು. ಅದರ ಹಿಂದೆ ರಬ್ಬರು. ಇನ್ನೂ ಆಳದಲ್ಲಿ, ಮೈಯ ಬೆವರನ್ನು ನೆನಪಿಸುವ ಭಾರವಾದ ಎಳೆ. ಪ್ಯಾರಿಸ್‌ನ ಸೀಸೆಯಲ್ಲಿರುವುದೆಲ್ಲ ಈ ಕಡ್ಡಿಯಲ್ಲೇ ಸಿಗುತ್ತದೆ.

ಇದರ ಹಿಂದಿರುವುದು ರಸಾಯನಶಾಸ್ತ್ರ. ಸುಗಂಧರಾಜದ ಪರಿಮಳದಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಎಂಬ ಸಂಯುಕ್ತವಿದೆ. ನಮ್ಮ ಮುಲಾಮು ಡಬ್ಬಿಗಳ ಹಿಂಬದಿಯಲ್ಲಿ ‘ಗಂಧಪುರ ತೈಲ’ ಎಂದು ಅಚ್ಚಾಗಿರುತ್ತದಲ್ಲ, ಆ ಎಣ್ಣೆಯ ಬಹುಭಾಗ ಇದೇ. ನೀಲಗಿರಿ ಎಣ್ಣೆಯ ಮುಖ್ಯ ಸತ್ವವಾದ ಸಿನಿಯೋಲ್ ಕೂಡ ಹೂವಿನಲ್ಲಿದೆ. ಲವಂಗದ ಯೂಜಿನಾಲ್ ಇದೆ. ಬೆಣ್ಣೆ, ತೆಂಗಿನಹಾಲಿನ ನುಣುಪು ಕೊಡುವ ಲ್ಯಾಕ್ಟೋನ್‌ಗಳಿವೆ.

ಇವೆಲ್ಲದರ ಜೊತೆಗೆ ಇಂಡೋಲ್. ಇದನ್ನೇ ಬೇರೆ ಮಾಡಿ ಮೂಸಿದರೆ ಬಟ್ಟೆಬೀರುವಿನ ನುಸಿಗುಳಿಗೆಯ ವಾಸನೆ. ಪ್ರಾಣಿಗಳ ಮಲದಲ್ಲೂ ಇದೇ ಇಂಡೋಲ್ ಇರುತ್ತದೆ. ಆದರೆ ಅತಿ ಸಣ್ಣ ಪ್ರಮಾಣದಲ್ಲಿ ಬೆರೆತಾಗ ಅದೇ ಮಲ್ಲಿಗೆಗೆ, ಕಿತ್ತಳೆ ಹೂವಿಗೆ, ಸುಗಂಧರಾಜಕ್ಕೆ ಜೀವ ತುಂಬುತ್ತದೆ. ಇಂಡೋಲ್ ತೆಗೆದ ಮಲ್ಲಿಗೆ ಸಾಬೂನಿನ ಮಲ್ಲಿಗೆಯಾಗುತ್ತದೆ.

ಗಿಡಕ್ಕೆ ಈ ಘಾಟು ಬದುಕಿನ ಪ್ರಶ್ನೆ. ಹುಳು ಎಲೆ ಕಚ್ಚಿದಾಗ, ರೋಗ ತಗುಲಿದಾಗ ಎಷ್ಟೋ ಗಿಡಗಳು ಮೀಥೈಲ್ ಸ್ಯಾಲಿಸಿಲೇಟನ್ನು ಗಾಳಿಗೆ ಬಿಡುತ್ತವೆ. ಅದು ಎಚ್ಚರಿಕೆಯ ಸಂದೇಶ. ಬಿಳಿ ಹೂವುಗಳು ರಾತ್ರಿ ಕಂಪು ಚೆಲ್ಲುವುದು ಕತ್ತಲಲ್ಲಿ ಹಾರುವ ಪತಂಗಗಳನ್ನು ಕರೆಯಲು. ಮನುಷ್ಯನಿಗೆ ಹಿತವಾಗಬೇಕೆಂಬ ಲೆಕ್ಕ ಅದರಲ್ಲಿಲ್ಲ.

ಸುಗಂಧ ತಯಾರಕರು ಬಹುಕಾಲ ಈ ಘಾಟನ್ನು ಮುಚ್ಚುವುದೇ ಕಸುಬುಗಾರಿಕೆ ಎಂದುಕೊಂಡಿದ್ದರು. ಶೆಲ್‌ಡ್ರೇಕ್ ಅದನ್ನೇ ಮೇಲಕ್ಕೆತ್ತಿ ಬಾಗಿಲಲ್ಲಿ ನಿಲ್ಲಿಸಿದರು. ಅದನ್ನು ದಾಟದೆ ಹೂವಿನ ಬಳಿಗೆ ಹೋಗಲು ಬೇರೆ ದಾರಿಯಿಲ್ಲ.

ರಾಜನನ್ನೇ ಓಡಿಸಿದ ಪರಿಮಳ

ಈ ಹೂವಿನ ಮೇಲೆ ಅನುಮಾನ ಇಂದು ನಿನ್ನೆಯದಲ್ಲ.

ಸುಗಂಧರಾಜದ ತವರು ಮೆಕ್ಸಿಕೊ. ಆಜ್ಟೆಕ್ ಜನ ಎಸಳಿನ ಬಿಳುಪು ನೋಡಿ ಇದನ್ನು ಎಲುಬಿನ ಹೂವು ಎಂದು ಕರೆದರು. ಸ್ಪೇನ್ ಮೆಕ್ಸಿಕೊವನ್ನು ಗೆದ್ದ ಮೇಲೆ, 16ನೇ ಶತಮಾನದಲ್ಲಿ ಇದರ ಗೆಡ್ಡೆಗಳು ಯುರೋಪಿಗೆ ಬಂದವು. ವ್ಯಾಪಾರದ ಹಾದಿ ಹಿಡಿದು ಭಾರತಕ್ಕೂ ಬಂದವು.

ಫ್ರಾನ್ಸ್‌ನ 14ನೇ ಲೂಯಿಗೆ ಹೂವಿನ ಹುಚ್ಚು. ವರ್ಸಾಯ್‌ನಲ್ಲಿ 1687–88ರ ಸುಮಾರಿಗೆ ಕಟ್ಟಿಸಿದ ಗ್ರಾಂ ತ್ರಿಯಾನೋ ಅರಮನೆಯ ತೋಟದಲ್ಲಿ ಹೂಗಿಡಗಳನ್ನು ಕುಂಡ ಸಮೇತ ಮಣ್ಣಲ್ಲಿ ಹೂಳುತ್ತಿದ್ದರು. ರಾಜನ ಕಣ್ಣಿಗೆ ದಿನವೂ ಹೊಸ ತೋಟ ಕಾಣಲೆಂದು ಕುಂಡಗಳನ್ನು ಬದಲಿಸುತ್ತಿದ್ದರು. ಸುಗಂಧರಾಜ ಅಲ್ಲಿನ ಮುಖ್ಯ ಹೂವು. ಆದರೆ ಸಂಜೆಯಾಗುತ್ತಿದ್ದಂತೆ ಅದರ ಕಂಪು ಎಷ್ಟು ದಟ್ಟವಾಗುತ್ತಿತ್ತೆಂದರೆ, ರಾಜನೂ ಪರಿವಾರವೂ ತಲೆ ಸುತ್ತಿ ತೋಟ ಬಿಟ್ಟು ಹೊರಡುತ್ತಿದ್ದರೆಂದು ಆ ಕಾಲದ ಬರಹಗಳು ಹೇಳುತ್ತವೆ.

ಭಯದ ಕಥೆಗಳೂ ಹಬ್ಬಿದವು. ಬಾಣಂತಿಯ ಕೋಣೆಯಲ್ಲಿ ಈ ಹೂವಿಟ್ಟರೆ ಪ್ರಾಣಕ್ಕೇ ಕುತ್ತು ಎಂದರು. ಮದುವೆಯಾಗದ ಹುಡುಗಿಯರು ಸಂಜೆ ಇದರ ತೋಟಕ್ಕೆ ಹೋಗಬಾರದು ಎಂದರು. 19ನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಇದು ಶವಪೆಟ್ಟಿಗೆಯ ಹೂವಾಯಿತು. ಸಾವಿನ ಮನೆಯ ನೆನಪು ಅಂಟಿಕೊಂಡಿದ್ದರಿಂದ ಜನ ಇದನ್ನು ಅಂಗಳದಲ್ಲಿ ಬೆಳೆಸಲೂ ಹಿಂಜರಿದರು.

ಅಪರಾಧಿ ಎಂಬ ಹೆಸರಿನ ಬೆನ್ನಿಗೆ ಇಷ್ಟು ದೀರ್ಘವಾದ ದೂರುಪಟ್ಟಿಯಿದೆ.

> ಕೊಬ್ಬಿನಲ್ಲಿ ಸೆರೆಸಿಕ್ಕ ಕಂಪು
> ಸುಗಂಧರಾಜ ಕಿತ್ತ ಮೇಲೂ ಪರಿಮಳ ಹುಟ್ಟಿಸುತ್ತಲೇ ಇರುತ್ತದೆ. ಬಿಸಿ ತಗುಲಿದರೆ ಅದು ಕೆಡುತ್ತದೆ. ಹಾಗಾಗಿ ಫ್ರಾನ್ಸ್‌ನ ಗ್ರಾಸ್ ಪಟ್ಟಣದವರು ಮರದ ಚೌಕಟ್ಟಿನ ಗಾಜಿನ ಮೇಲೆ ಶುದ್ಧಗೊಳಿಸಿದ ಹಂದಿ, ದನದ ಕೊಬ್ಬು ಸವರಿ, ಅದರ ಮೇಲೆ ಒಂದೊಂದೇ ಹೂವನ್ನು ಜೋಡಿಸುತ್ತಿದ್ದರು. ಹೂವು ಬಾಡಿದರೆ ತೆಗೆದು ಹೊಸದನ್ನು ಇಡುತ್ತಿದ್ದರು. ವಾರಗಟ್ಟಲೆ ಹೀಗೆ ಮಾಡಿದ ಮೇಲೆ ಕೊಬ್ಬನ್ನು ಆಲ್ಕೋಹಾಲ್‌ನಲ್ಲಿ ತೊಳೆದು ಪರಿಮಳ ಬೇರ್ಪಡಿಸುತ್ತಿದ್ದರು. ದ್ರಾವಕದಿಂದ ತೆಗೆಯುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಣ್ಣೆ ಈ ಕ್ರಮದಲ್ಲಿ ಸಿಗುತ್ತದೆಂದು ಜರ್ಮನಿಯ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹೆಸ್ಸೆ 20ನೇ ಶತಮಾನದ ಆರಂಭದಲ್ಲೇ ತೋರಿಸಿಕೊಟ್ಟರು. ಆದರೂ ಕೂಲಿ ದುಬಾರಿಯಾಗಿ ಈ ಕ್ರಮ ಮೂಲೆ ಸೇರಿತು. ಗ್ರಾಸ್ ಸೀಮೆಯ ಸುಗಂಧ ಕಸುಬಿಗೆ 2018ರಲ್ಲಿ ಯುನೆಸ್ಕೊ ಮಾನ್ಯತೆ ಸಿಕ್ಕಿದೆ.

ನಮ್ಮ ಹೊಲದ ಹೂವು

ಗ್ರಾಸ್‌ನ ಹೊಲಗಳು ಮನೆ, ರೆಸಾರ್ಟುಗಳಾದ ಮೇಲೆ ಸುಗಂಧರಾಜದ ಸತ್ವಕ್ಕಾಗಿ ಲೋಕ ಹೊರಳಿ ನೋಡಿದ್ದು ಭಾರತದ ಕಡೆಗೆ. ಇಂದು ಸುಗಂಧ ಉದ್ಯಮ ಬಳಸುವ ನೈಸರ್ಗಿಕ ಸುಗಂಧರಾಜ ಸತ್ವದ ಪ್ರಮುಖ ಮೂಲ ನಮ್ಮ ದೇಶವೇ. ಅದರಲ್ಲೂ ಕರ್ನಾಟಕ, ತಮಿಳುನಾಡುಗಳ ಪಾಲು ದೊಡ್ಡದು.

ಮೈಸೂರು, ತುಮಕೂರು, ಕೋಲಾರ, ಬೆಳಗಾವಿ, ದೇವನಹಳ್ಳಿ ಸೀಮೆಗಳಲ್ಲಿ ಇದು ರೈತರ ನೆಚ್ಚಿನ ಬೆಳೆ. ಒಮ್ಮೆ ಗೆಡ್ಡೆ ಊರಿದರೆ ಎರಡು ಮೂರು ವರ್ಷ ಹೂವು ಕೊಡುತ್ತದೆ. ಹಬ್ಬವಿದ್ದರೆ ಬೆಲೆ ಏರುತ್ತದೆ. ಆಷಾಢದಲ್ಲಿ ಶುಭಕಾರ್ಯ ನಿಂತರೆ ಕುಸಿಯುತ್ತದೆ. ಹೂವು ಮಾರುಕಟ್ಟೆಯಲ್ಲಿ ಉಳಿದುಹೋಗುವ ದಿನಗಳಲ್ಲಿ ಸತ್ವ ತೆಗೆಯುವ ಕಾರ್ಖಾನೆ ಹತ್ತಿರವಿದ್ದರೆ ರೈತನಿಗೆ ಅದೊಂದು ಆಸರೆ.

ಬೆಳಕು ಹರಿಯುವ ಮೊದಲೇ ಕೀಳುವ ಕೆಲಸ ಶುರು. ಬಿಸಿಲೇರಿದರೆ ತೂಕವೂ ಕಡಿಮೆ, ಕಂಪೂ ಕಡಿಮೆ. ಕಾರ್ಖಾನೆ ಸೇರಿದ ಹೂವನ್ನು ಹೆಕ್ಸೇನ್ ದ್ರಾವಕದಲ್ಲಿ ನೆನೆಸುತ್ತಾರೆ. ದ್ರಾವಕ ಆವಿಯಾದ ಮೇಲೆ ತಳದಲ್ಲಿ ಮೇಣದಂಥ ಗಟ್ಟಿ ವಸ್ತು ಉಳಿಯುತ್ತದೆ. ಇದು ಕಾಂಕ್ರೀಟ್. 1,000 ಕೆ.ಜಿ. ಹೂವಿಗೆ ಇದು ಹೆಚ್ಚೂ ಕಡಿಮೆ ಒಂದು ಕೆ.ಜಿ. ಅದನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿ, ತಣಿಸಿ, ಮೇಣವನ್ನು ಸೋಸಿ ತೆಗೆದರೆ ಅಬ್ಸಲ್ಯೂಟ್. ಅದರ ಪ್ರಮಾಣ ಇನ್ನೂ ಕಡಿಮೆ. ಒಂದು ಟನ್ ಹೂವಿನ ಸಾರ ಅಂಗೈಯಲ್ಲಿ ಹಿಡಿಯುವ ಡಬ್ಬಿಯೊಂದರಲ್ಲಿ ಅಡಗಿಬಿಡುತ್ತದೆ.

> ಹೆಸರಘಟ್ಟದ ಕೊಡುಗೆ
> ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸುಗಂಧರಾಜದ ಹಲವು ತಳಿಗಳನ್ನು ಕೊಟ್ಟಿದೆ. ಒಂಟಿ ಸುತ್ತಿನ ‘ಶೃಂಗಾರ’, ‘ಪ್ರಜ್ವಲ್’ ಬಿಡಿ ಹೂವಿಗೆ, ಹಾರಕ್ಕೆ, ಸತ್ವಕ್ಕೆ. ಜೋಡಿ ಸುತ್ತಿನ ‘ಸುವಾಸಿನಿ’, ಅರೆಜೋಡಿ ಸುತ್ತಿನ ‘ವೈಭವ್’ ಕಡ್ಡಿ ಹೂವಿಗೆ, ಹೂದಾನಿಗೆ. ಪ್ರಜ್ವಲ್‌ನ ಮೊಗ್ಗಿಗೆ ತಿಳಿಗುಲಾಬಿ ಛಾಯೆ ಇರುತ್ತದೆ, ಅರಳಿದರೆ ಹೂವು ಅಚ್ಚ ಬಿಳಿ.

ನಮ್ಮ ಬಳಕೆಯೂ ಈ ಹೂವಿನ ಎರಡು ಮುಖಗಳನ್ನು ಅರಿತದ್ದೇ. ನಸುಕಿನಲ್ಲಿ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ನೋಡಿ. ಗೋಣಿತಾಟಿನ ಮೇಲೆ ಬಿಳಿ ರಾಶಿ, ಸುತ್ತ ಸೂಜಿ–ದಾರ ಹಿಡಿದು ಕುಳಿತ ಜನ. ಮೊಗ್ಗುಗಳನ್ನು ಒತ್ತೊತ್ತಾಗಿ ಪೋಣಿಸಿ, ನಡುವೆ ಕೆಂಪು ಗುಲಾಬಿ ಸೇರಿಸಿ, ತುದಿಗೆ ಕುಚ್ಚು ಕಟ್ಟಿದರೆ ಮದುವೆ ಹಾರ. ಗುಲಾಬಿಯೂ ಜರಿಯೂ ಇಲ್ಲದೆ ಬರಿ ಬಿಳಿಯಲ್ಲಿ ಕಟ್ಟಿದ್ದು ಅಂತಿಮ ದರ್ಶನಕ್ಕೆ ಹೋಗುವ ಹಾರ. ಪೋಣಿಸುವ ಕೈ ಒಂದೇ, ರಾಶಿ ಒಂದೇ.

ಶೋಭನದ ಕೋಣೆಗೂ ಸಾವಿನ ಮನೆಗೂ ಒಂದೇ ಹೂವು ಹೋಗುವುದನ್ನು ನಾವು ಸಹಜವೆಂದು ಒಪ್ಪಿಕೊಂಡಿದ್ದೇವೆ. ಅಪರಾಧಿ ಸುಗಂಧರಾಜವನ್ನು ಮೂಸಿದಾಗ ನನಗೆ ಅದು ವಿದೇಶಿ ವಸ್ತು ಅನ್ನಿಸದಿರಲು ಇದೇ ಕಾರಣ. ಅದರ ಮೊದಲ ಘಾಟಿನಲ್ಲಿ ಸಾವಿನ ಮನೆಯಿದೆ, ಕೊನೆಯ ಬಿಸುಪಿನಲ್ಲಿ ಮದುವೆ ಮನೆಯಿದೆ.

ತೆರೆದುಕೊಂಡ ದಾರಿ

ಲುಟೆನ್ಸ್‌ಗೂ ಮುಂಚೆ ಈ ಹೂವನ್ನು ನಿರ್ಭಿಡೆಯಿಂದ ಎತ್ತಿ ಹಿಡಿದವರು ಜೆರ್ಮೇನ್ ಸೆಲಿಯೇ. ಗಂಡಸರೇ ತುಂಬಿದ್ದ ಕಸುಬಿನಲ್ಲಿ ಹೆಸರು ಮಾಡಿದ ಈ ಹೆಣ್ಣುಮಗಳು 1948ರಲ್ಲಿ ರೋಬೆರ್ ಪಿಗೆ ಮನೆತನಕ್ಕಾಗಿ ‘ಫ್ರಾಕಾ’ ರಚಿಸಿದರು. ಸುಗಂಧರಾಜದ ಸುಗಂಧ ಎಂದರೆ ಇಂದಿಗೂ ಅದೇ ಅಳತೆಗೋಲು. ಆದರೆ ಸೆಲಿಯೇ ಹೂವನ್ನು ಬೆಣ್ಣೆಯ ಕಡೆಯಿಂದ ನೋಡಿದರು. ಘಾಟಿನ ಕಡೆಯಿಂದ ನೋಡಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಆಮೇಲೆ ದಾರಿ ಅಗಲವಾಯಿತು. 2005ರಲ್ಲಿ ಡೊಮಿನಿಕ್ ರೊಪಿಯೋಂ, ಫ್ರೆಡೆರಿಕ್ ಮಾಲ್‌ಗಾಗಿ ‘ಕಾರ್ನಲ್ ಫ್ಲವರ್’ ರಚಿಸಿದಾಗ ನೀಲಗಿರಿ ಎಲೆಯ ತಂಪು, ಹಸಿ ಕಾಂಡದ ವಾಸನೆ ಹೂವಿನ ಜೊತೆಗೇ ಬಂದವು. ಘಾಟನ್ನು ಮುಚ್ಚಿಡಬೇಕೆಂಬ ಹಠ ಹಿಂದೆ ಸರಿದಿತ್ತು. ಇಂದು ನಿಶ್ ಸುಗಂಧಗಳ ಕಪಾಟಿನಲ್ಲಿ ಹೊಗೆ, ಚರ್ಮ, ಒದ್ದೆ ಮಣ್ಣು, ಕೊಳೆಯುವ ಎಸಳು ಬೆರೆತ ಹೂಗಳು ಸಾಲುಗಟ್ಟಿವೆ. ಅವುಗಳಲ್ಲಿ ಬರಿಯ ಬೆದರಿಸುವ ಆಟವೂ ಉಂಟು. ಅಂಥ ಸೀಸೆಗಳಲ್ಲಿ ಘಾಟು ಒಂದು ಕಡೆ, ಹೂವು ಒಂದು ಕಡೆ ನಿಂತಿರುತ್ತವೆ. ಟ್ಯೂಬೆರೂಜ್ ಕ್ರಿಮಿನೆಲ್‌ನಲ್ಲಿ ಘಾಟು ಹೂವಾಗಿ ಬದಲಾಗುವುದನ್ನು ಮೂಗೇ ಕಾಣುತ್ತದೆ. ಅದರ ಹೆಚ್ಚುಗಾರಿಕೆ ಇರುವುದು ಅಲ್ಲಿ.

ಹಚ್ಚಿಕೊಳ್ಳುವ ಮನಸ್ಸಿದ್ದವರಿಗೆ ಒಂದು ಮಾತು. ಮೊದಲ ಉಸಿರಿಗೇ ತೀರ್ಪು ಕೊಡಬೇಡಿ. ಕಾಗದದ ಪಟ್ಟಿಯನ್ನು ನಂಬಬೇಡಿ, ಮಣಿಕಟ್ಟಿಗೆ ಹಚ್ಚಿ. ಉಜ್ಜಬೇಡಿ. ಮೈಯ ಕಾವಿಗೆ ಅದು ಬಿಚ್ಚಿಕೊಳ್ಳಲು ಬಿಡಿ. ಸಂಜೆಯ ತಂಪಿನಲ್ಲಿ ಅದರ ನಡೆ ಇನ್ನೂ ಚೆನ್ನ.

ಲುಟೆನ್ಸ್ ಮತ್ತು ಶೆಲ್‌ಡ್ರೇಕ್ ಕಲಿಸಿದ್ದು ಪ್ರಾಮಾಣಿಕತೆಯ ಪಾಠ: ಹೂವನ್ನು ಹೇಳಿದರೆ ಪೂರ್ತಿ ಹೇಳಬೇಕು. ಈ ಪಾಠ ಇನ್ನೂ ಅರ್ಧದಲ್ಲೇ ನಿಂತಿದೆ. ಸುಗಂಧ ಲೋಕ ಗ್ರಾಸ್‌ನ ಗುಲಾಬಿಯನ್ನು ಊರಿನ ಹೆಸರು ಹಿಡಿದು ಹಾಡಿ ಹೊಗಳುತ್ತದೆ. ಸುಗಂಧರಾಜದ ಸರದಿ ಬಂದರೆ ಹೆಚ್ಚೆಂದರೆ ‘ಭಾರತದ್ದು’ ಎಂಬ ಒಂದು ಪದ. ನಸುಕಿನಲ್ಲಿ ಕಿತ್ತ ಕೈಗಳಿಗೆ, ಹೊಲಕ್ಕೆ, ಊರಿಗೆ ಅದರಲ್ಲಿ ಜಾಗವಿಲ್ಲ. ಹೂವಿನ ಘಾಟನ್ನು ಮುಚ್ಚಿಡಬಾರದೆಂದು ಒಪ್ಪಿಕೊಂಡವರು ಅದರ ಮಣ್ಣನ್ನೂ ಮುಚ್ಚಿಡಬಾರದು. ತುಮಕೂರು, ಕೋಲಾರದ ಹೆಸರು ಸೀಸೆಯ ಮೇಲೆ ಬರಬೇಕು, ಅದಕ್ಕೆ ತಕ್ಕ ಬೆಲೆ ಬೆಳೆದವರ ಕೈಗೆ ಸೇರಬೇಕು.